ಆರ್‌ನಲ್ಲಿ ಇನ್‌ಪುಟ್ ತಪಾಸಣೆ: ಸ್ಟಾಪ್‌ಇಫ್‌ನಾಟ್ ಸಾಕೇ, ಚೆಕ್‌ಮೇಟ್ ಬೇಕೇ?

ಅಂಕಿಅಂಶಗಳ ಪ್ರೋಗ್ರಾಮಿಂಗ್ ಭಾಷೆಯಾದ ಆರ್‌ನಲ್ಲಿ ಬರೆದದ್ದು ಬೇರೆಯವರ ಕೈಗೆ ಹೋಗುವ ಫಂಕ್ಷನ್ ಆದರೆ, ಅದಕ್ಕೆ ಕೊಡುವ ಬೆಲೆಗಳ ತಪಾಸಣೆಗೆ ನನ್ನ ಆಯ್ಕೆ ಚೆಕ್‌ಮೇಟ್ (checkmate) ಎಂಬ ಪ್ಯಾಕೇಜ್. ಆರ್ ಜೊತೆಗೇ ಬರುವ, ಷರತ್ತು ಸುಳ್ಳಾದರೆ ಎರರ್ ಕೊಟ್ಟು ನಿಲ್ಲಿಸುವ ಸ್ಟಾಪ್‌ಇಫ್‌ನಾಟ್ (stopifnot) ಕೆಟ್ಟದ್ದೇನಲ್ಲ. ಎನ್‌ಎ (ಬಿಟ್ಟುಹೋದ ಬೆಲೆ) ಸಿಕ್ಕರೆ ತಾನಾಗಿಯೇ ನಿಲ್ಲುತ್ತದೆ, 4.0.0 ಆವೃತ್ತಿಯಿಂದ ಷರತ್ತಿನ ಮುಂದೆ ನಮ್ಮದೇ ಸಂದೇಶವನ್ನೂ ಬರೆಯಬಹುದು. ಆದರೆ ಒಂದು ಕಡೆ ಸದ್ದಿಲ್ಲದೆ ಕೈಕೊಡುತ್ತದೆ.

ತೂಕಗಳು ಋಣ ಸಂಖ್ಯೆ ಆಗಿರಬಾರದೆಂದು ಸ್ಟಾಪ್‌ಇಫ್‌ನಾಟ್(ತೂಕ >= 0) ಎಂದು ಬರೆದಿರುತ್ತೀರಿ. ಬಳಸುವವರು ಕಾಲಂ ಹೆಸರಿನಲ್ಲಿ ಒಂದಕ್ಷರ ತಪ್ಪುತ್ತಾರೆ. ಡೇಟಾ ಫ್ರೇಮ್‌ನಲ್ಲಿ (ಆರ್‌ನ ಕೋಷ್ಟಕ) ಇಲ್ಲದ ಕಾಲಮ್ಮನ್ನು ಡಾಲರ್ ಚಿಹ್ನೆಯಿಂದ ಕೇಳಿದರೆ ಆರ್ ಎರರ್ ಕೊಡುವುದಿಲ್ಲ, ನಲ್ (‘ಏನೂ ಇಲ್ಲ’) ಕೊಡುತ್ತದೆ. ನಲ್ ಅನ್ನು 0 ಜೊತೆ ಹೋಲಿಸಿದರೆ ಬರುವುದು ಖಾಲಿ ಲಾಜಿಕಲ್ ವೆಕ್ಟರ್ (ಟ್ರೂ/ಫಾಲ್ಸ್ ಬೆಲೆಗಳ ಸಾಲು). ಅದರಲ್ಲಿ ಫಾಲ್ಸ್ ಒಂದೂ ಇಲ್ಲವಲ್ಲ, ತಪಾಸಣೆ ಪಾಸ್! ಮುಂದೆ ಮೊತ್ತ ಕೊಡುವ ಸಮ್() ಆ ನಲ್‌ಗೆ 0 ಎನ್ನುತ್ತದೆ, ಆ 0 ನಿಜವಾದ ಉತ್ತರದಂತೆಯೇ ಕೋಷ್ಟಕದಲ್ಲಿ ಕೂರುತ್ತದೆ.

ಸಂಖ್ಯೆಯೇ ಎಂದು ನೋಡುವ ಈಸ್.ನ್ಯೂಮೆರಿಕ್ ಸೇರಿಸಿದರೆ ನಲ್ ಸಿಕ್ಕಿಬೀಳುತ್ತದೆ ನಿಜ. ಆದರೆ ಫಿಲ್ಟರ್ ಮಾಡಿದ ಮೇಲೆ ಒಂದು ಸಾಲೂ ಉಳಿಯದಿದ್ದರೆ ಬರುವ ಖಾಲಿ ನ್ಯೂಮೆರಿಕ್ ವೆಕ್ಟರ್ ಅದನ್ನೂ ದಾಟುತ್ತದೆ. ಹಾಗಾಗಿ ಉದ್ದ 0 ಅಲ್ಲವೆಂದೂ ಕೇಳಬೇಕು. ಒಂದೊಂದು ಆರ್ಗ್ಯುಮೆಂಟಿಗೂ ಮೂರು ಷರತ್ತು; ಎರಡನೇ ಫಂಕ್ಷನ್ ಬರೆಯುವಷ್ಟರಲ್ಲಿ ಒಂದು ಬಿಟ್ಟುಹೋಗುತ್ತದೆ.

ಚೆಕ್‌ಮೇಟ್‌ನಲ್ಲಿ ಇದೆಲ್ಲ ಒಂದೇ ಸಾಲು: ಅಸರ್ಟ್_ನ್ಯೂಮೆರಿಕ್(ತೂಕ, ಲೋವರ್ = 0, ಫೈನೈಟ್ = ಟ್ರೂ, ಎನಿ.ಮಿಸ್ಸಿಂಗ್ = ಫಾಲ್ಸ್, ಮಿನ್.ಲೆನ್ = 1). ಕೊನೆಯ ಎರಡನ್ನು ಮರೆಯಬೇಡಿ. ಬಿಟ್ಟರೆ ಎನ್‌ಎ ಕೂಡ, ಖಾಲಿ ವೆಕ್ಟರ್ ಕೂಡ ಒಳಗೆ ಬರುತ್ತವೆ. ನಲ್ ಮಾತ್ರ ಹೊರಗೇ ಉಳಿಯುತ್ತದೆ. ಲೋವರ್‌ಗೆ ಕೊಟ್ಟ ಬೆಲೆಯೂ ಒಪ್ಪಿಗೆಯೇ, ಅಂದರೆ 0 ಬೇಡವಾದರೆ ಬೇರೆ ಷರತ್ತು ಹಾಕಬೇಕು. ಎಷ್ಟನೇ ಬೆಲೆ ತಪ್ಪು ಎಂದು ಎರರ್ ಸಂದೇಶವೇ ಹೇಳುತ್ತದೆ. ಉದ್ದನೆಯ ವೆಕ್ಟರ್‌ನಲ್ಲಿ ಇದು ಬಹಳ ದೊಡ್ಡ ಅನುಕೂಲ, ಏಕೆಂದರೆ ಸ್ಟಾಪ್‌ಇಫ್‌ನಾಟ್ ‘ಎಲ್ಲವೂ ಟ್ರೂ ಅಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಷರತ್ತನ್ನು ಇಫ್‌ನಿಂದ ನೋಡಿ ಸ್ಟಾಪ್‌ನಿಂದ ನಿಲ್ಲಿಸುವ ಜೋಡಿ ಒಂದೇ ಬೆಲೆಗೆ ಸರಿ. ಆರ್ 4.2.0ರಿಂದ ಇಫ್ ಷರತ್ತಿನ ಉದ್ದ ಒಂದಕ್ಕಿಂತ ಹೆಚ್ಚಾದರೆ ಎರರ್.

ನಾಲ್ಕಾರು ಪದಗಳಲ್ಲಿ ಒಂದನ್ನು ಆರಿಸುವ ಆರ್ಗ್ಯುಮೆಂಟಿಗೆ ಆರ್ ಜೊತೆಗೇ ಬರುವ ಮ್ಯಾಚ್.ಆರ್ಗ್ ಸಾಕು.

ಒಮ್ಮೆ ಓಡಿಸಿ ಬಿಡುವ ಸ್ವಂತ ಸ್ಕ್ರಿಪ್ಟಿಗೆ ನಾನು ಈಗಲೂ ಸ್ಟಾಪ್‌ಇಫ್‌ನಾಟ್ ಅನ್ನೇ ಬಳಸುತ್ತೇನೆ. ಪ್ಯಾಕೇಜ್ ಆದರೆ ಒಂದು ಹೆಚ್ಚುವರಿ ಅವಲಂಬನೆ ತಂದುಕೊಳ್ಳಲು ಹಿಂಜರಿಯುವುದಿಲ್ಲ. ಅದೂ ಬೇಡವೆನ್ನುವವರು ಆ ಮೂರು ಷರತ್ತುಗಳನ್ನು ಒಂದು ಸಣ್ಣ ಸಹಾಯಕ ಫಂಕ್ಷನ್‌ನಲ್ಲಿಟ್ಟು, ಎಲ್ಲ ಕಡೆಯೂ ಅದನ್ನೇ ಕರೆಯಲಿ.