ಆಸ್ಪತ್ರೆಯಲ್ಲಿ ಎಡವಟ್ಟಾದರೆ ಮೊದಲು ಕೇಸ್ ಶೀಟ್ ಕೈಗೆ ತಗೊಳ್ಳಿ

ಆಸ್ಪತ್ರೆಯವರ ನಿರ್ಲಕ್ಷ್ಯದಿಂದ ಮನೆಯವರಿಗೆ ತೊಂದರೆಯಾಗಿದೆ ಅನ್ನಿಸಿದರೆ ಲಾಯರ್, ಪೊಲೀಸ್ ಎಲ್ಲಾ ಆಮೇಲೆ. ಮೊದಲು ಕೇಸ್ ಶೀಟಿನ, ಅಂದರೆ ಆಸ್ಪತ್ರೆಯವರು ಬರೆದಿಟ್ಟ ಚಿಕಿತ್ಸೆಯ ದಾಖಲೆಯ, ಪೂರ್ತಿ ಪ್ರತಿ ಕೇಳಿ. ನಮ್ಮ ಅತ್ತಿಗೆಗೆ ಆದದ್ದು ಇನ್ನೊಂದು ಮನೆಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಆಪರೇಷನ್ ಮಾಡಿಸಿದ್ದು ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಆಪರೇಷನ್ ಆದ ಮೇಲೆ ಹೊಟ್ಟೆ ಉಬ್ಬಿತು, ಜ್ವರ ಬಂತು, ಕಣ್ಣು ಹಳದಿಯಾಯಿತು. ಕೇಳಿದಾಗಲೆಲ್ಲ "ಗ್ಯಾಸ್ ಅಷ್ಟೇ ಕಣಮ್ಮ, ಸ್ವಲ್ಪ ಓಡಾಡಿ" ಅನ್ನೋ ಉತ್ತರ. ಸ್ಕ್ಯಾನ್ ಮಾಡಿ ಅಂತ ಅಂಗಲಾಚಿದರೂ ಮಾಡಲಿಲ್ಲ. ಕೊನೆಗೆ ಅಣ್ಣ ಹಟ ಹಿಡಿದು ಬೆಂಗಳೂರಿಗೆ ಕರೆದುಕೊಂಡು ಹೋದ. ಅಲ್ಲಿ ನೋಡಿದರೆ ಪಿತ್ತನಾಳಕ್ಕೆ ಪೆಟ್ಟಾಗಿ ಹೊಟ್ಟೆ ತುಂಬ ಪಿತ್ತ ಸೋರಿತ್ತು. ಮತ್ತೆ ದೊಡ್ಡ ಆಪರೇಷನ್. ತಿಂಗಳುಗಟ್ಟಲೆ ಹೊಟ್ಟೆಗೆ ಪೈಪು. ಮನೆಯ ಒಡವೆಯೆಲ್ಲ ಅಡ ಇಡಬೇಕಾಯಿತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಈ ಆಪರೇಷನ್‌ನಲ್ಲಿ ಪಿತ್ತನಾಳಕ್ಕೆ ಪೆಟ್ಟಾಗೋದು ಅಪರೂಪಕ್ಕೆ ಒಳ್ಳೆ ಸರ್ಜನ್ ಕೈಯಲ್ಲೂ ಆಗುತ್ತೆ. ಅಷ್ಟಕ್ಕೇ ನಿರ್ಲಕ್ಷ್ಯ ಅನ್ನೋಕಾಗಲ್ಲ ಅಂತ ಬೆಂಗಳೂರಿನ ಡಾಕ್ಟರೇ ಬಿಡಿಸಿ ಹೇಳಿದರು. ಲಕ್ಷಣಗಳು ಕಣ್ಣೆದುರಿಗಿದ್ದರೂ ನೋಡದೆ ಬಿಟ್ಟರಲ್ಲ, ನಮ್ಮ ದೂರು ಅದರ ಮೇಲೆ.

ಅದನ್ನು ತೋರಿಸೋಕೆ ಕಾಗದ ಬೇಕಲ್ವಾ? ಆ ಆಸ್ಪತ್ರೆ ಕೊಟ್ಟಿದ್ದು ಒಂದೇ ಹಾಳೆಯ ಡಿಸ್ಚಾರ್ಜ್ ಸಮ್ಮರಿ. ಅದರಲ್ಲೂ "ವೈದ್ಯರ ಸಲಹೆ ಮೀರಿ ಹೋಗಿದ್ದಾರೆ" ಅಂತ ಬರೆದಿದ್ದರು. ಕೇಸ್ ಶೀಟ್ ಕೇಳಿದರೆ "ಕೋರ್ಟ್ ಆರ್ಡರ್ ತನ್ನಿ" ಅಂದರು. ಈ ಮಾತನ್ನು ನಂಬಬೇಡಿ. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ರೋಗಿ ಅಥವಾ ಅವರ ಪರವಾಗಿ ಒಪ್ಪಿಗೆ ಪಡೆದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು. ಅತ್ತಿಗೆಯ ಸಹಿ ಹಾಕಿಸಿ ಅರ್ಜಿ ಕೊಟ್ಟೆವು, ನಮ್ಮ ಪ್ರತಿಗೆ ಸೀಲ್ ಹಾಕಿಸಿಕೊಂಡೆವು, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿದೆವು. ಆಮೇಲೆ ದಾರಿಗೆ ಬಂದರು.

ನರ್ಸ್ ನೋಟ್ಸ್ ಓದಿ ಹೊಟ್ಟೆ ಉರಿಯಿತು. ರಾತ್ರಿ ಪಾಳಿಯ ನರ್ಸ್ "ಜ್ವರ 101, ಹೊಟ್ಟೆ ಬಿಗಿ, ಡಾಕ್ಟರಿಗೆ ತಿಳಿಸಲಾಗಿದೆ" ಅಂತ ಟೈಮ್ ಸಮೇತ ಬರೆದಿದ್ದಾರೆ. ಬೆಳಗ್ಗೆ ಡಾಕ್ಟರ್ ಬರೆದದ್ದು "ರೋಗಿ ಆರಾಮಾಗಿದ್ದಾರೆ" ಅಂತ. ನಮ್ಮ ಕೇಸಿಗೆ ಈ ಎರಡು ಸಾಲೇ ಜೀವ. ಹಾಗಾಗಿ ಬರೀ "ದಾಖಲೆ ಕೊಡಿ" ಅನ್ನಬೇಡಿ. ನರ್ಸ್ ನೋಟ್ಸ್, ಆಪರೇಷನ್ ನೋಟ್ಸ್, ಅನಸ್ತೇಷಿಯಾ ಚಾರ್ಟ್, ಒಪ್ಪಿಗೆ ಪತ್ರ ಅಂತ ಒಂದೊಂದನ್ನೂ ಹೆಸರು ಹಾಕಿ ಕೇಳಿ.

ಈ ನಡುವೆ ಆಸ್ಪತ್ರೆ ಕಡೆಯವರೊಬ್ಬರು ಮನೆಗೇ ಬಂದರು. "ಬಿಲ್ ದುಡ್ಡು ವಾಪಸ್ ಕೊಡಿಸ್ತೀನಿ ಸರ್, ಸುಮ್ನೆ ಕೋರ್ಟು ಕಚೇರಿ ಅಂತ ಯಾಕೆ ಅಲೀತೀರಿ" ಅಂದರು. ಅವರು ತಂದಿದ್ದ ಛಾಪಾ ಕಾಗದದಲ್ಲಿ, ಚಿಕಿತ್ಸೆ ಬಗ್ಗೆ ಯಾವ ತಕರಾರೂ ಇಲ್ಲ, ಮುಂದೆ ಎಲ್ಲೂ ದೂರು ಕೊಡಲ್ಲ ಅಂತ ಮೊದಲೇ ಟೈಪ್ ಮಾಡಿತ್ತು. ಅಣ್ಣ ಸಹಿ ಹಾಕಲಿಲ್ಲ. ಸಾಲ ತಲೆ ಮೇಲಿರುವಾಗ ಎಷ್ಟೋ ಜನ ಹಾಕಿಬಿಡುತ್ತಾರೆ. ದಯವಿಟ್ಟು ಹಾಕಬೇಡಿ, ಮೊದಲು ವಕೀಲರಿಗೆ ತೋರಿಸಿ.

ನೆಂಟರೆಲ್ಲ ಪೊಲೀಸರ ಹತ್ತಿರ ಹೋಗಿ ಅಂತಿದ್ದರು. ಆದರೆ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕ್ರಿಮಿನಲ್ ಕೇಸ್ ನಡೆಸೋಕೆ ನಿರ್ಲಕ್ಷ್ಯ ತೀರಾ ಘೋರವಾಗಿರಬೇಕು, ಪೊಲೀಸರು ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಅಂತ ಹೇಳಿದೆ. ಜೀವ ಹೋಗಿದ್ದರೆ ಮಾತ್ರ ದೂರು ಕೊಟ್ಟು ಪೋಸ್ಟ್‌ಮಾರ್ಟಂ ಮಾಡಿಸಿ. ಅದಿಲ್ಲದೆ ಸಾವಿನ ಕಾರಣ ಸಾಬೀತು ಮಾಡೋದು ಬಹಳ ಕಷ್ಟ. ಬಿಲ್ ಬಾಕಿ ಅಂತ ಶವ ಇಟ್ಟುಕೊಳ್ಳುವ ಹಾಗೂ ಇಲ್ಲ, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಅದನ್ನು ತಡೆಯುತ್ತೆ. ಸಿಟ್ಟಿಗೆ ಗಾಜು ಒಡೆದರೆ, ಡಾಕ್ಟರ ಮೇಲೆ ಕೈ ಮಾಡಿದರೆ ಕೇಸ್ ನಿಮ್ಮ ಮೇಲೇ ಬೀಳುತ್ತೆ.

ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೂ ದೂರು ಕೊಡಬಹುದು. ಅವರು ಡಾಕ್ಟರಿಗೆ ಎಚ್ಚರಿಕೆ ಕೊಡಬಹುದು, ನೋಂದಣಿ ಅಮಾನತು ಮಾಡಬಹುದು. ಪರಿಹಾರದ ಹಣ ಅಲ್ಲಿ ಸಿಗಲ್ಲ. ಹಣ ಸಿಗುವುದು ಗ್ರಾಹಕರ ಆಯೋಗದಲ್ಲಿ, ಅದಕ್ಕೆ 2 ವರ್ಷದ ಗಡುವು ಇದೆ. ಜನ ಎಡವುವುದು ಇಲ್ಲೇ. ನಮಗೆ ಗೊತ್ತಿರುವ ಒಂದು ಕುಟುಂಬ ಕೌನ್ಸಿಲ್ ತೀರ್ಮಾನ ಬರಲಿ ಅಂತ ಕಾಯುತ್ತಾ ಗಡುವು ದಾಟಿಸಿಕೊಂಡಿತು. ತಡವಾದದ್ದನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ, ಆದರೆ ಅದನ್ನು ನೆಚ್ಚಿ ಕೂರಬೇಡಿ. ಎರಡೂ ಕಡೆ ಒಟ್ಟಿಗೆ ಹಾಕಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಟ್ಟಿದ ಬಿಲ್ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಈ ಕಾಯ್ದೆಗೆ ಬರಲ್ಲ ಅಂತ 1995ರಲ್ಲೇ ತೀರ್ಪಾಗಿದೆ, ಅಲ್ಲಿ ಚಿಕಿತ್ಸೆ ಪಡೆದವರು ಸಿವಿಲ್ ಕೋರ್ಟಿಗೆ ಹೋಗಬೇಕು. ಎರಡನೇ ಆಸ್ಪತ್ರೆಯ ಡಾಕ್ಟರಿಂದ ಬರವಣಿಗೆಯಲ್ಲಿ ಅಭಿಪ್ರಾಯ ಸಿಕ್ಕರೆ ಕೇಸಿಗೆ ದೊಡ್ಡ ಬಲ.

ನಮ್ಮದು ಇನ್ನೂ ನಡೆಯುತ್ತಿದೆ. ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತೆ. ಅತ್ತಿಗೆಯ ಪರ ವಾದಿಸುತ್ತಿರುವವರೂ ಅಲ್ಲಿಂದ ಬಂದವರೇ.