ತೋಟದ ಲೆಕ್ಕಕ್ಕೆ ಜಾಂಗೋ: ದಾಖಲೆ ಅಳಿಸುವ ವ್ಯವಸ್ಥೆಯ ವಿಮರ್ಶೆ

ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ಹಾಜರಿ, ಕೊಯ್ಲು ಮತ್ತು ಬಟವಾಡೆಯ ಲೆಕ್ಕವಿಡುವ ತಂತ್ರಾಂಶವನ್ನು ನಾನು ಪೈಥಾನ್ ಭಾಷೆಯ ಜಾಂಗೋ ಎಂಬ ವೆಬ್ ತಂತ್ರಾಂಶದ ಚೌಕಟ್ಟನ್ನು ಬಳಸಿ ಕಟ್ಟಿದ್ದೇನೆ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಅದರ ಒಂದೇ ಭಾಗವನ್ನು: ಪರಸ್ಪರ ಸಂಬಂಧವಿರುವ ದಾಖಲೆಗಳನ್ನು ಅಳಿಸುವ ವ್ಯವಸ್ಥೆ. ಲೆಕ್ಕದ ತಂತ್ರಾಂಶವನ್ನು ನಂಬಬಹುದೇ ಇಲ್ಲವೇ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ, ಮತ್ತು ನನ್ನ ಮಟ್ಟಿಗೆ ಜಾಂಗೋ ನಂಬಿಕೆಗೆ ಅರ್ಹವಾಗಿದೆ.

2017ರ ಡಿಸೆಂಬರಿನಲ್ಲಿ ಬಂದ 2.0 ಆವೃತ್ತಿಯಿಂದ ಪ್ರತಿಯೊಂದು ಫಾರಿನ್ ಕೀಗೂ (ಒಂದು ದಾಖಲೆಯನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿ) ‘ಆನ್ ಡಿಲೀಟ್’ ಆಯ್ಕೆಯನ್ನು, ಅಂದರೆ ಆ ಇನ್ನೊಂದು ದಾಖಲೆ ಅಳಿದಾಗ ಏನಾಗಬೇಕೆಂಬುದನ್ನು, ಬರೆಯುವುದು ಕಡ್ಡಾಯವಾಗಿದೆ. ಅದಕ್ಕೂ ಮೊದಲು ಏನನ್ನೂ ಬರೆಯದಿದ್ದರೆ ಕ್ಯಾಸ್ಕೇಡ್ ಎಂದೇ ಅರ್ಥವಾಗುತ್ತಿದ್ದುದರಿಂದ, ಕಾರ್ಮಿಕರೊಬ್ಬರ ಹೆಸರನ್ನು ತೆಗೆದರೆ ಅವರ ಹಾಜರಿ, ಮುಂಗಡ, ಬಟವಾಡೆಗಳೆಲ್ಲ ಜೊತೆಗೇ ಅಳಿದುಹೋಗುತ್ತಿದ್ದವು. ಕೊಯ್ಲು ಮುಗಿಸಿ ಊರಿಗೆ ಮರಳಿದವರ ಹೆಸರನ್ನು ತೋಟದ ಲೆಕ್ಕ ಬರೆಯುವ ರೈಟರ್ ಪಟ್ಟಿಯಿಂದ ತೆಗೆಯಹೋಗುವುದು ಸಹಜವಾದರೂ, ಅವರು ದುಡಿದ ದಿನಗಳ ಲೆಕ್ಕವನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ. ಇಂಥ ಕಡೆ ಪ್ರೊಟೆಕ್ಟ್ ಆಯ್ಕೆ ಹಾಕಬೇಕು. ಆಗ ಹಾಜರಿಯ ಒಂದು ಸಾಲು ಇದ್ದರೂ ಅಳಿಸುವಿಕೆ ನಿಲ್ಲುತ್ತದೆ, ಅಡ್ಡಬಂದ ದಾಖಲೆಗಳು ಯಾವುವೆಂದು ಜಾಂಗೋದ ಅಡ್ಮಿನ್ (ನಿರ್ವಹಣೆ) ಪುಟವೇ ಪಟ್ಟಿ ಮಾಡಿ ತೋರಿಸುತ್ತದೆ. ಮೇಸ್ತ್ರಿ ಕೆಲಸ ಬಿಟ್ಟಂಥ ಸಂದರ್ಭಕ್ಕೆ ಸೆಟ್ ನಲ್ ಸಾಕು; ದಾಖಲೆ ಉಳಿದು, ಅದರಲ್ಲಿ ಮೇಸ್ತ್ರಿಯ ಜಾಗ ಮಾತ್ರ ಖಾಲಿಯಾಗುತ್ತದೆ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು 2020ರ 3.1 ಆವೃತ್ತಿಯಲ್ಲಿ ಸೇರಿದ ರಿಸ್ಟ್ರಿಕ್ಟ್ ಆಯ್ಕೆ. ಬ್ಲಾಕ್‌ಗಳೂ (ತೋಟದ ವಿಭಾಗಗಳು) ಕೊಯ್ಲಿನ ದಾಖಲೆಗಳೂ ತೋಟಕ್ಕೆ ಕ್ಯಾಸ್ಕೇಡ್ ಮೂಲಕ ಸೇರಿದ್ದು, ಕೊಯ್ಲಿನ ದಾಖಲೆಯು ಬ್ಲಾಕಿಗೆ ರಿಸ್ಟ್ರಿಕ್ಟ್ ಮೂಲಕ ಸೇರಿದೆ ಎಂದುಕೊಳ್ಳೋಣ. ರೋಬಸ್ಟಾ ಬ್ಲಾಕೊಂದನ್ನು ಮಾತ್ರ ಅಳಿಸಹೋದರೆ ಜಾಂಗೋ ತಡೆಯುತ್ತದೆ; ಪರೀಕ್ಷೆಗೆಂದು ಸೃಷ್ಟಿಸಿದ ತೋಟವನ್ನು ಇಡಿಯಾಗಿ ಅಳಿಸಿದರೆ, ಕೊಯ್ಲಿನ ದಾಖಲೆಗಳೂ ಅದರೊಂದಿಗೇ ಹೋಗುವುದರಿಂದ, ಅಡ್ಡಿಪಡಿಸುವುದಿಲ್ಲ. ಪ್ರೊಟೆಕ್ಟ್ ಆಗಿದ್ದರೆ ಎರಡನ್ನೂ ತಡೆಯುತ್ತಿತ್ತು.

ಕೊರತೆಗಳನ್ನೂ ಹೇಳಲೇಬೇಕು. ಈ ಆಯ್ಕೆಗಳನ್ನು ಜಾರಿಗೊಳಿಸುವುದು ಜಾಂಗೋವೇ ಹೊರತು ಡೇಟಾಬೇಸ್ ಅಲ್ಲ. ಯಾರಾದರೂ ನೇರವಾಗಿ ಎಸ್‌ಕ್ಯುಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ಬರೆದು ಅಳಿಸಹೊರಟರೆ ಕ್ಯಾಸ್ಕೇಡ್ ನಡೆಯುವುದಿಲ್ಲ. ಅದಕ್ಕಿಂತ ಸೂಕ್ಷ್ಮವಾದ ಸಂಗತಿಯೆಂದರೆ, ಕ್ಯಾಸ್ಕೇಡಿನಲ್ಲಿ ಅಳಿಯುವ ದಾಖಲೆಗಳ ಮೇಲೆ ನಾವು ಬರೆದ ಡಿಲೀಟ್ ಮೆಥಡ್ (ಅಳಿಸುವಾಗ ನಡೆಯಬೇಕಾದ ಕೋಡ್) ಓಡುವುದೇ ಇಲ್ಲ. ಗೋದಾಮಿನ ದಾಸ್ತಾನನ್ನು ಸರಿಪಡಿಸುವ ಸಾಲುಗಳು ಅಲ್ಲಿದ್ದರೆ ಮೂಟೆಗಳ ಲೆಕ್ಕ ತಪ್ಪುತ್ತದೆ. ಅವುಗಳನ್ನು, ದಾಖಲೆ ಅಳಿದ ಮೇಲೆ ಜಾಂಗೋ ಕಳಿಸುವ ಪೋಸ್ಟ್ ಡಿಲೀಟ್ ಸಿಗ್ನಲ್‌ಗೆ ಸಾಗಿಸಬೇಕು. ದಾಖಲೆಗೆ ಲಗತ್ತಿಸಿದ ತೂಕದ ಚೀಟಿಯ ಫೋಟೊ ಕೂಡ ದಾಖಲೆ ಹೋದ ಮೇಲೆ ಸರ್ವರಿನಲ್ಲಿ ಹಾಗೆಯೇ ಉಳಿಯುವುದರಿಂದ, ಅದನ್ನು ತೆಗೆಯುವ ಕೆಲಸವನ್ನೂ ಅದೇ ಸಿಗ್ನಲ್‌ಗೆ ಒಪ್ಪಿಸಬಹುದು.