ಕಾಂಪ್ಯಾಕ್ಟ್ ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಸ್ನೋ ಬ್ಲೇಡ್: ಬ್ಲೇಡಿಗಿಂತ ಅದರ ಎಣ್ಣೆ ಪೈಪು ಮುಖ್ಯ

ಟ್ರ್ಯಾಕ್ಟರಿನ ಮುಂದೆ ಸಿಗಿಸಿ ಹಿಮ ತಳ್ಳುವ ಸ್ನೋ ಬ್ಲೇಡ್ ಕೊಳ್ಳುವವರು ಅಗಲ ನೋಡುತ್ತಾರೆ, ತೂಕ ನೋಡುತ್ತಾರೆ, ಬೆಲೆ ನೋಡುತ್ತಾರೆ. ಅದನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಎಣ್ಣೆ ಎಲ್ಲಿಂದ ಬರಬೇಕು ಅಂತ ಕೇಳುವವರು ಕಡಿಮೆ. 2021ರಿಂದ ಇಂಥ ಬ್ಲೇಡ್ ಬಳಸುತ್ತಿದ್ದೇನೆ. ಬ್ಲೇಡ್ ಅಂದರೆ ಕಡೆಗೆ ಬಗ್ಗಿಸಿದ ಒಂದು ಕಬ್ಬಿಣದ ತಗಡು. ಯಾವ ಕಂಪನಿಯದು ತಂದರೂ ದೊಡ್ಡ ವ್ಯತ್ಯಾಸ ಇಲ್ಲ. ಚೆನ್ನಾಗಿ ಕೆಲಸ ಮಾಡುತ್ತದೋ ಇಲ್ಲವೋ ಅನ್ನೋದು ನೀವು ಹಾಕುವ ವಾಲ್ವ್ ಮತ್ತು ಹೋಸ್ ಮೇಲೆ ನಿಂತಿದೆ. ಹಾಗಾಗಿ ಈ ವಿಮರ್ಶೆಯಲ್ಲಿ ಅದರ ಮಾತೇ ಜಾಸ್ತಿ.

ನಾವಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಬಫಲೋ ನಗರದ ದಕ್ಷಿಣಕ್ಕೆ. ಈರಿ ಸರೋವರ ಹೆಪ್ಪುಗಟ್ಟುವ ಮೊದಲು ಅದರ ಉದ್ದಕ್ಕೂ ತಣ್ಣನೆ ಗಾಳಿ ಬೀಸಿದರೆ ಮುಗಿಯಿತು. ಆ ಗಾಳಿ ನೀರಿನ ಆವಿಯನ್ನೆಲ್ಲ ಹೊತ್ತು ತಂದು ನಮ್ಮ ಮೇಲೆ ಸುರಿಯುತ್ತದೆ. ಸುರಿಯುವ ಪಟ್ಟಿ ತುಂಬಾ ಕಿರಿದು. ನಮ್ಮಲ್ಲಿ ಮೊಣಕಾಲುದ್ದ ಹಿಮ ಬಿದ್ದ ದಿನ ಕೆಲವೇ ಮೈಲಿ ಉತ್ತರಕ್ಕೆ ಬಿಸಿಲಿರುತ್ತದೆ. ರಸ್ತೆಯಿಂದ ಮನೆಗೆ ಸುಮಾರು 400 ಅಡಿ ಡ್ರೈವ್‌ವೇ, ಪೂರ್ತಿ ಜಲ್ಲಿ. ಸಲಿಕೆಯಲ್ಲಿ ಆಗುವ ಕೆಲಸ ಅಲ್ಲ.

ಟ್ರ್ಯಾಕ್ಟರ್ ಕುಬೋಟಾ ಎಲ್2501. 24.8 ಎಚ್‌ಪಿ, ಹೈಡ್ರೋಸ್ಟ್ಯಾಟಿಕ್ (ಎಣ್ಣೆಯ ಒತ್ತಡದಲ್ಲಿ ಚಕ್ರ ತಿರುಗಿಸುವ ಮಾದರಿ), ಮುಂದೆ ಲೋಡರ್, ಅಂದರೆ ಬಕೆಟ್ ಎತ್ತಿ ಇಳಿಸುವ ತೋಳು. ಇದೇನು 24.8 ಅಂತ ವಿಚಿತ್ರ ಲೆಕ್ಕ ಅಂದರೆ, ಇಲ್ಲಿ 25 ಎಚ್‌ಪಿ ದಾಟಿದ ಡೀಸೆಲ್ ಎಂಜಿನ್‌ಗೆ ಹೊಗೆಯ ನಿಯಮ ಬಿಗಿ. ದಾಟಿದರೆ ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರು, ಅದನ್ನು ಸುಟ್ಟು ಶುಚಿ ಮಾಡುವ ರಗಳೆ. ಅದಕ್ಕೇ ಗೆರೆಯ ಕೆಳಗೇ ನಿಲ್ಲುವ ಟ್ರ್ಯಾಕ್ಟರುಗಳು ಇಲ್ಲಿ ಜಾಸ್ತಿ ಓಡುತ್ತವೆ.

ಬ್ಲೇಡ್ 6 ಅಡಿಯದು, 400 ಪೌಂಡ್ ಆಸುಪಾಸು. ಬಕೆಟ್ ಕಳಚಿ, ಅದು ಕೂರುವ ಕ್ವಿಕ್ ಅಟ್ಯಾಚ್ ಕೊಂಡಿಗೇ ಸಿಗಿಸುವ ಮಾದರಿ. 30 ಡಿಗ್ರಿ ಓರೆ ಮಾಡಿದಾಗ 6 ಅಡಿಯ ಬ್ಲೇಡ್ ಗುಡಿಸುವುದು 5 ಅಡಿ 2 ಇಂಚು ಮಾತ್ರ. ಹಿಂದಿನ ಚಕ್ರಗಳ ಹೊರ ಅಗಲ ಇದರೊಳಗೆ ಬರಬೇಕು. ಇಲ್ಲದಿದ್ದರೆ ನೀವೇ ಬದಿಗೆ ತಳ್ಳಿದ ಹಿಮದ ಮೇಲೆ ನಿಮ್ಮ ಚಕ್ರ ಹತ್ತುತ್ತದೆ. 5 ಅಡಿಯ ಬ್ಲೇಡ್ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಆಸೆಪಡುವವರು ಮೊದಲು ಟೇಪು ಹಿಡಿದು ಅಳೆಯಿರಿ.

ಕೈಯಲ್ಲಿ ಓರೆ ಮಾಡುವ ಬ್ಲೇಡೂ ಇದೆ. ಇಳಿದು, ಪಿನ್ ಕಿತ್ತು, ಭುಜ ಕೊಟ್ಟು ತಿರುಗಿಸಿ, ಮತ್ತೆ ಪಿನ್ ಹಾಕಬೇಕು. ನೇರವಾದ ಚಿಕ್ಕ ಡ್ರೈವ್‌ವೇ ಇದ್ದರೆ ಅದೇ ಸಾಕು. ಒಂದೇ ಕಡೆ ಓರೆ ಇಟ್ಟುಕೊಂಡು ಮುಗಿಸಬಹುದು. ನಮ್ಮಲ್ಲಿ ಮಧ್ಯೆ ತಿರುವು, ಕೊನೆಗೆ ಗ್ಯಾರೇಜ್ ಮುಂದಿನ ಅಂಗಳ. ಹೋಗುವಾಗ ಬಲಕ್ಕೆ ತಳ್ಳಬೇಕು, ಬರುವಾಗ ಎಡಕ್ಕೆ. ಪಿನ್ ಹೆಪ್ಪುಗಟ್ಟಿ ಕೂತಿರುವಾಗ ಸುತ್ತಿಗೆ ಹಿಡಿದು ನಿಲ್ಲುವ ಉತ್ಸಾಹ ಬೆಳಗಿನ ಐದು ಗಂಟೆಗೆ ಯಾರಿಗಿರುತ್ತದೆ ಹೇಳಿ.

ನನ್ನ ತಮ್ಮ ಗದಗದ ಹತ್ತಿರ ಎರೆ ಹೊಲ ಮಾಡುತ್ತಾನೆ. ಬ್ಲೇಡಿನ ವಿಡಿಯೊ ಕಳಿಸಿದಾಗ ಅವನು ಹೇಳಿದ್ದು ಇಷ್ಟೇ: "ಇದು ನಮ್ಮ ಹೈಡ್ರಾಲಿಕ್ ಪಲ್ಟಿ ಇದ್ದಂಗ ಐತಲ್ಲಣ್ಣಾ." ಹೌದು, ಅದೇ ತತ್ವ. ಪಲ್ಟಿ ನೇಗಿಲಿನಲ್ಲೂ ಎರಡು ಹೋಸ್. ಒಂದರಲ್ಲಿ ಎಣ್ಣೆ ಹೋದರೆ ಇನ್ನೊಂದರಲ್ಲಿ ವಾಪಸ್. ಆದರೆ ಪಲ್ಟಿ ಇರುವುದು ಟ್ರ್ಯಾಕ್ಟರಿನ ಹಿಂದೆ, ಎಣ್ಣೆಯ ಬಾಯಿಯೂ ಹಿಂದೆಯೇ. ನಮ್ಮ ಬ್ಲೇಡ್ ಮುಂದೆ, ಅದೂ ಏಳುವ ಇಳಿಯುವ ಲೋಡರ್ ತುದಿಯಲ್ಲಿ. ತೊಡಕು ಇರುವುದೇ ಇಲ್ಲಿ.

ಮುಂದಕ್ಕೆ ಎಣ್ಣೆ ತರಲು ಮೂರು ದಾರಿ. ಹಿಂದೆ ಎಣ್ಣೆ ಹೊರಕೊಡುವ ರಿಮೋಟ್ ವಾಲ್ವ್ ಇದ್ದರೆ ಅಲ್ಲಿಂದ ಉದ್ದ ಹೋಸ್ ಎಳೆಯುವುದು ಮೊದಲನೆಯದು. ಖರ್ಚು ಕಡಿಮೆ, ಆದರೆ ಪ್ರತಿ ಸಲ ಲೋಡರಿನ ಜಾಯ್‌ಸ್ಟಿಕ್ ಬಿಟ್ಟು ಬೇರೆ ಲಿವರಿಗೆ ಕೈ ಚಾಚಬೇಕು. ಎರಡನೆಯದು ಡೈವರ್ಟರ್ ವಾಲ್ವ್. ಬಕೆಟ್ ಮಗುಚುವ ಸಿಲಿಂಡರಿಗೆ ಹೋಗುವ ಎಣ್ಣೆಯನ್ನೇ ಬಟನ್ ಒತ್ತಿದಾಗ ಬ್ಲೇಡ್ ಕಡೆ ತಿರುಗಿಸುತ್ತದೆ. ಬ್ಲೇಡಿಗಷ್ಟೇ ಬೇಕು ಅನ್ನುವವರಿಗೆ ಇದೇ ಸಾಕು ಅಂತ ನನ್ನ ಅಭಿಪ್ರಾಯ. ಮೂರನೆಯದು ಥರ್ಡ್ ಫಂಕ್ಷನ್ ವಾಲ್ವ್. ಪಂಪಿನಿಂದ ಲೋಡರ್ ವಾಲ್ವಿಗೆ ಹೋಗುವ ಲೈನಿನ ಮಧ್ಯೆ ಇದು ಕೂರುತ್ತದೆ. 12 ವೋಲ್ಟಿನ ವಿದ್ಯುತ್ತಿನಲ್ಲಿ ವಾಲ್ವ್ ತೆರೆಯುವ ಸೊಲೆನಾಯ್ಡ್, ಜಾಯ್‌ಸ್ಟಿಕ್ ಹಿಡಿಯ ಮೇಲೆ ಎರಡು ಬಟನ್. ಬೇಸಿಗೆಯಲ್ಲಿ ಮರದ ದಿಮ್ಮಿ ಎತ್ತಲು ಗ್ರ್ಯಾಪಲ್ ಕೂಡ ಬೇಕಾಗಿತ್ತು, ಅದಕ್ಕೇ ನಾನು ಇದನ್ನು ಹಾಕಿದೆ. ಬ್ಲೇಡಿಗೆ 2,500 ಡಾಲರ್ ಆಗಿದ್ದರೆ ಈ ವಾಲ್ವ್, ಹೋಸ್, ಹೋಸ್ ಜೋಡಿಸುವ ಕಪ್ಲರ್ ಎಲ್ಲ ಸೇರಿ 1,200ರ ಹತ್ತಿರ ಆಯಿತು. ಜಾಹೀರಾತಿನಲ್ಲಿ ಈ ಎರಡನೇ ಲೆಕ್ಕ ಇರಲೇ ಇಲ್ಲ.

ಕೂರಿಸುವುದು ಕಷ್ಟವಲ್ಲ, ತಾಳ್ಮೆ ಬೇಕು. ವಾಲ್ವಿಗೆ ಮೂರು ಮುಖ್ಯ ಲೈನ್: ಪಂಪಿನಿಂದ ಒಳಗೆ, ಟ್ಯಾಂಕಿಗೆ ವಾಪಸ್, ಮತ್ತು ಲೋಡರಿಗೆ ಮುಂದೆ ಹೋಗುವ ಪವರ್ ಬಿಯಾಂಡ್. ಕೊನೆಯ ಎರಡು ಅದಲುಬದಲಾದರೆ ವಾಲ್ವ್ ಹಾಳಾಗುತ್ತದೆ, ಪಂಪಿಗೂ ಪೆಟ್ಟು. ಹಾಗಾಗಿ ಕಳಚುವ ಮುಂಚೆ ಪ್ರತಿ ಹೋಸಿಗೂ ಬಣ್ಣದ ಟೇಪು ಸುತ್ತಿಟ್ಟೆ. ಹೋಸ್ ಸೇರಿಸುವ ಫಿಟಿಂಗಿನಲ್ಲಿ ಮೂರು ಜಾತಿ ಬಂತು: ಓ-ರಿಂಗ್ ಇರುವುದು, 37 ಡಿಗ್ರಿ ಓರೆ ಮೂತಿಯ ಜೆಐಸಿ, ಮತ್ತು ತುದಿಗೆ ಸಪೂರವಾಗುವ ತಿರುಪಿನ ಹಳೇ ಎನ್‌ಪಿಟಿ. ಮೊದಲ ಎರಡಕ್ಕೆ ಟೆಫ್ಲಾನ್ ಟೇಪು ಸುತ್ತಲೇಬಾರದು. ಎನ್‌ಪಿಟಿಗೂ ಟೇಪಿನ ಬದಲು ಹೈಡ್ರಾಲಿಕ್ ಸೀಲಿನ ಪೇಸ್ಟ್ ವಾಸಿ. ಟೇಪಿನ ಒಂದು ಚೂರು ಹರಿದು ಸೊಲೆನಾಯ್ಡಿನೊಳಗೆ ಸಿಕ್ಕಿಕೊಂಡರೆ ಹುಡುಕುತ್ತಾ ಕೂರಬೇಕು.

ಹೋಸ್ ಕಟ್ಟುವ ಮುಂಚೆ ಲೋಡರನ್ನು ಪೂರ್ತಿ ಎತ್ತಿ, ಪೂರ್ತಿ ಮಗುಚಿ, ಪೂರ್ತಿ ಹಿಂದಕ್ಕೆ ಎಳೆದು ನೋಡಿ. ನೆಲದ ಮೇಲಿದ್ದಾಗ ಸಡಿಲ ಕಾಣುವ ಹೋಸ್ ಮಗುಚಿದಾಗ ಬಿಗಿದು ಕೀಳುತ್ತದೆ. ಸೋರಿಕೆ ಹುಡುಕಲು ಕೈ ಬೇಡವೇ ಬೇಡ. ಒಳಗಿನ ಒತ್ತಡ 2,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ದಾಟುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸಂಗತಿ ಅದು. ಒಂದು ರಟ್ಟಿನ ತುಂಡು ಹಿಡಿದು ನೋಡಿ.

ಈಗ ಈ ವಿಮರ್ಶೆ ಬರೆಯಲು ಕಾರಣವಾದ ಭಾಗಕ್ಕೆ ಬರುತ್ತೇನೆ: ಕ್ರಾಸ್‌ಓವರ್ ರಿಲೀಫ್ ವಾಲ್ವ್. ಮಾರಿದವರು ಫೋನಿನಲ್ಲಿ "ಅದು ಬೇಕಾದವರಿಗೆ ಮಾತ್ರ" ಅಂದರು. ನನ್ನ ಪ್ರಕಾರ ಎಲ್ಲರಿಗೂ ಬೇಕು. ಯಾಕೆ ಅಂದರೆ, ಬ್ಲೇಡ್ ಓರೆ ಇರುವಾಗ ಅದರ ಮುಂದಿನ ಮೂಲೆ ಹಿಮದೊಳಗಿನ ಕಲ್ಲಿಗೆ ಬಡಿಯುತ್ತದೆ ಅಂತ ಇಟ್ಟುಕೊಳ್ಳಿ. ಬಟನ್ ಒತ್ತದಿದ್ದಾಗ ವಾಲ್ವ್ ಮುಚ್ಚಿರುತ್ತದೆ, ಸಿಲಿಂಡರಿನ ಎಣ್ಣೆಗೆ ಹೋಗಲು ದಾರಿ ಇಲ್ಲ. ಟ್ರ್ಯಾಕ್ಟರಿನ ಪೂರ್ತಿ ತೂಕ ಆ ಎಣ್ಣೆಯ ಮೇಲೆ ಬೀಳುತ್ತದೆ. ಏನಾದರೊಂದು ಸೋಲಲೇಬೇಕು. ಹೋಸ್ ಒಡೆಯಬಹುದು, ಸಿಲಿಂಡರ್ ರಾಡ್ ಬಗ್ಗಬಹುದು, ಲೋಡರ್ ತೋಳೇ ತಿರುಚಬಹುದು. ಕ್ರಾಸ್‌ಓವರ್ ಇದ್ದರೆ ಒತ್ತಡ ಒಂದು ಮಟ್ಟ ಮುಟ್ಟಿದ ಕೂಡಲೇ ಎಣ್ಣೆ ಬ್ಲೇಡಿನ ಒಂದು ಬದಿಯ ಸಿಲಿಂಡರಿನಿಂದ ಇನ್ನೊಂದು ಬದಿಯ ಸಿಲಿಂಡರಿಗೆ ದಾಟುತ್ತದೆ. ಬ್ಲೇಡ್ ತಾನೇ ಹಿಂದಕ್ಕೆ ವಾಲುತ್ತದೆ. ನೀವು ಹಿಂದೆ ಬಂದು ಬಟನ್ ಒತ್ತಿ ಮತ್ತೆ ಓರೆ ಮಾಡಿಕೊಂಡರೆ ಆಯಿತು.

"ಟ್ರಿಪ್ ಸ್ಪ್ರಿಂಗ್ ಇದೆಯಲ್ಲ" ಅನ್ನುತ್ತಾರೆ. ಅದು ಬೇರೆ ರಕ್ಷಣೆ. ಬ್ಲೇಡಿನ ಕೆಳ ಅಂಚು ನೇರವಾಗಿ ಎಡವಿದಾಗ ಬ್ಲೇಡ್ ಮುಂದಕ್ಕೆ ಬಾಗುತ್ತದೆ, ಸ್ಪ್ರಿಂಗ್ ಮತ್ತೆ ಎಳೆದು ನಿಲ್ಲಿಸುತ್ತದೆ. ಪಕ್ಕದ ಪೆಟ್ಟಿಗೆ ಅದು ಉಪಯೋಗಕ್ಕಿಲ್ಲ. ಎರಡೂ ಇರಬೇಕು. ಮತ್ತೆ, ಬ್ಲೇಡ್ ನೆಟ್ಟಗೆ ನಿಂತಿರಬೇಕು. ಲೋಡರನ್ನು ಹಿಂದಕ್ಕೆ ಮಗುಚಿ ಓಡಿಸಿದರೆ ಟ್ರಿಪ್ ಸರಿಯಾಗಿ ಆಗುವುದಿಲ್ಲ. ಜಾಯ್‌ಸ್ಟಿಕ್ ಫ್ಲೋಟ್‌ನಲ್ಲಿ ಇಡಿ, ನೆಲದ ಏರಿಳಿತಕ್ಕೆ ತಕ್ಕಂತೆ ಬ್ಲೇಡ್ ತೇಲಲಿ.

ಮೊದಮೊದಲು ಬಟನ್ ಮುಟ್ಟಿದರೆ ಸಾಕು, ಬ್ಲೇಡ್ ಒಂದು ತುದಿಯಿಂದ ಇನ್ನೊಂದಕ್ಕೆ ಧಡ್ ಅಂತ ಹೊಡೆಯುತ್ತಿತ್ತು. ಚಿಕ್ಕ ಸಿಲಿಂಡರಿಗೆ ಪಂಪಿನ ಎಣ್ಣೆಯೆಲ್ಲ ಒಮ್ಮೆಲೇ ನುಗ್ಗಿದರೆ ಇನ್ನೇನಾಗುತ್ತದೆ. ಲೈನಿನಲ್ಲಿ ಕಿರಿದಾದ ತೂತಿನ ರೆಸ್ಟ್ರಿಕ್ಟರ್ ಹಾಕಿದ ಮೇಲೆ ಸರಿಹೋಯಿತು. ಕೆಲವೇ ಡಾಲರಿನ ಸಾಮಾನು. ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ತದ್ವಿರುದ್ಧ. ಎಣ್ಣೆ ದಪ್ಪಗಾಗಿ ಬ್ಲೇಡ್ ಆಕಳಿಸುತ್ತಾ ತಿರುಗುತ್ತದೆ. ಎಂಜಿನ್ನಿಗೆ ಬ್ಲಾಕ್ ಹೀಟರ್ ಇದ್ದರೂ ಹೈಡ್ರಾಲಿಕ್ ಎಣ್ಣೆ ಬಿಸಿಯಾಗಲು ಹೊತ್ತು ಬೇಕು. ಕಾಫಿ ಕುಡಿದು ಮುಗಿಯುವ ತನಕ ಟ್ರ್ಯಾಕ್ಟರ್ ಓಡಲಿ ಬಿಡಿ.

ಜಲ್ಲಿಯ ಸಮಸ್ಯೆ ಬ್ಲೇಡಿನವರು ಹೇಳುವುದಕ್ಕಿಂತ ದೊಡ್ಡದು. ನವೆಂಬರಿನಲ್ಲಿ ನೆಲ ಇನ್ನೂ ಮೆತ್ತಗಿರುತ್ತದೆ. ಬ್ಲೇಡಿನ ಕೆಳ ಅಂಚಿನ ಉಕ್ಕಿನ ಪಟ್ಟಿ, ಅಂದರೆ ಕಟಿಂಗ್ ಎಡ್ಜ್, ಜಲ್ಲಿಯನ್ನೆಲ್ಲ ಕೆರೆದು ಹುಲ್ಲಿನ ಮೇಲೆ ಹಾಕುತ್ತದೆ. ಬ್ಲೇಡನ್ನು ನೆಲದಿಂದ ಸ್ವಲ್ಪ ಎತ್ತಿ ಹಿಡಿಯುವ ಸ್ಕಿಡ್ ಶೂ ಕೆಳಗಿಳಿಸಿದರೂ ಪೂರ್ತಿ ನಿಲ್ಲುವುದಿಲ್ಲ. ಪಕ್ಕದ ಹಿರಿಯ ರೈತರೊಬ್ಬರು ಹೇಳಿಕೊಟ್ಟ ಉಪಾಯ: ಎರಡು ಇಂಚಿನ ಕಬ್ಬಿಣದ ಪೈಪನ್ನು ಉದ್ದಕ್ಕೆ ಸೀಳಿ, ಕಟಿಂಗ್ ಎಡ್ಜಿಗೆ ಕೆಳಗಿನಿಂದ ಏರಿಸಿ ಬೋಲ್ಟ್ ಹಾಕುವುದು. ದುಂಡಗಿನ ಅಂಚು ಜಲ್ಲಿಯ ಮೇಲೆ ಜಾರಿಕೊಂಡು ಹೋಗುತ್ತದೆ. ನೆಲ ಗಟ್ಟಿಯಾದ ಮೇಲೆ ಪೈಪು ತೆಗೆದಿಡುತ್ತೇನೆ.

ಹಿಂದೆ ತೂಕ ಇಲ್ಲದೆ ಈ ಬ್ಲೇಡ್ ಓಡಿಸಬೇಡಿ. ಓರೆ ಬ್ಲೇಡ್ ಟ್ರ್ಯಾಕ್ಟರಿನ ಮೂತಿಯನ್ನು ಪಕ್ಕಕ್ಕೆ ನೂಕುತ್ತದೆ. ಹಿಂದಿನ ತ್ರೀ ಪಾಯಿಂಟ್ ಕೊಂಡಿಗೆ ಕಾಂಕ್ರೀಟ್ ತುಂಬಿದ ಪೆಟ್ಟಿಗೆ ಸಿಕ್ಕಿಸಿ, ಹಿಂದಿನ ಚಕ್ರಕ್ಕೆ ಚೈನ್ ಹಾಕಿದ ಮೇಲೆ ನನ್ನದು ನೆಟ್ಟಗೆ ಹೋಗುತ್ತಿದೆ. ನನ್ನ ಟ್ರ್ಯಾಕ್ಟರಿನ ಆರ್4 (ಇಂಡಸ್ಟ್ರಿಯಲ್) ಟೈರು ಮಂಜುಗಡ್ಡೆಯ ಮೇಲೆ ಬರೀ ಸೋಪು.

2022ರ ನವೆಂಬರಿನ ಹಿಮದ ಬಿರುಗಾಳಿಯಲ್ಲಿ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕಿನಲ್ಲಿ 80 ಇಂಚು ಬಿತ್ತು. ನಮ್ಮ ಕಡೆ ಅಷ್ಟಿರಲಿಲ್ಲ, ಆದರೂ ಬ್ಲೇಡ್ ಸುಮ್ನೆ ಮೂಲೆಯಲ್ಲಿ ನಿಂತಿತ್ತು. ಬ್ಲೇಡಿಗೆ ತಳ್ಳಲು ಜಾಗ ಬೇಕು. ಬಾನೆಟ್ಟಿಗಿಂತ ಎತ್ತರದ ಹಿಮವನ್ನು ಎಲ್ಲಿಗೆ ತಳ್ಳುತ್ತೀರಿ? ಬಕೆಟ್ ಹಾಕಿ ಎತ್ತಿ ಎತ್ತಿ ಹಾಕಿದೆ. ಒಂದೂವರೆ ಅಡಿ ತನಕ ಬ್ಲೇಡಿಗೆ ಸಾಟಿಯಿಲ್ಲ, ಅದರ ಮೇಲೆ ಬಕೆಟ್ಟೋ ಸ್ನೋ ಬ್ಲೋವರೋ ಬೇಕು. ಇನ್ನೊಂದು, ಮೊದಲ ಹಿಮವನ್ನೇ ಅಂಚಿನಿಂದ ಇನ್ನೂ ನಾಲ್ಕಾರು ಅಡಿ ಆಚೆ ತಳ್ಳಿಡಿ. ಇಲ್ಲದಿದ್ದರೆ ಫೆಬ್ರವರಿಗೆ ಎರಡೂ ಬದಿಯ ಗೋಡೆ ಒಳಗೆ ಬಂದು ಡ್ರೈವ್‌ವೇ ಓಣಿಯಾಗುತ್ತದೆ. ರಸ್ತೆಗೆ ತಳ್ಳಿಬಿಡೋಣ ಅಂದರೆ ನ್ಯೂಯಾರ್ಕಿನಲ್ಲಿ ಕಾನೂನು ಒಪ್ಪುವುದಿಲ್ಲ.

ದೂರುಗಳು: ಬಣ್ಣ ಮೊದಲ ಚಳಿಗಾಲದಲ್ಲೇ ಎದ್ದುಬಂತು. ತುಕ್ಕು ಹಿಡಿದ ಮುಖಕ್ಕೆ ಒದ್ದೆ ಹಿಮ ಅಂಟಿಕೊಳ್ಳುತ್ತದೆ, ಉರುಳುವುದಿಲ್ಲ. ಈಗ ಸಿಲಿಕೋನ್ ಸ್ಪ್ರೇ ಹೊಡೆಯುತ್ತೇನೆ. ಸಿಲಿಂಡರಿನ ಬಾಯಿಯ ನಟ್ ಹತ್ತಿರ ಎಣ್ಣೆ ಜಿನುಗಲು ಶುರುವಾಗಿತ್ತು, ಕಾಲು ಸುತ್ತು ಬಿಗಿ ಮಾಡಿದ ಮೇಲೆ ನಿಂತಿತು. ಕೊಂಡಾಗ ಹೋಸಿನ ತುದಿಗೆ ಕಪ್ಲರ್ ಇರಲಿಲ್ಲ, ಜಾಹೀರಾತಿನಲ್ಲಿ ಮಾತ್ರ "ತಕ್ಷಣ ಬಳಕೆಗೆ ಸಿದ್ಧ" ಅಂತಿತ್ತು. ನಾನು ಚಪ್ಪಟೆ ಮೂತಿಯ ಕಪ್ಲರ್ ಹಾಕಿಸಿದೆ. ಒರೆಸಲು ಸುಲಭ, ಹಿಮ ಒಳಗೆ ಕೂರುವುದಿಲ್ಲ.

ಬೇಸಿಗೆಗೆ ಬ್ಲೇಡ್ ಕಳಚುವಾಗ ಎಂಜಿನ್ ಆರಿಸಿ, ಕೀ ಮಾತ್ರ ಆನ್ ಇಟ್ಟು, ಎರಡೂ ಬಟನ್ ಒಂದಾದ ಮೇಲೊಂದು ಒತ್ತಿ ಒತ್ತಡ ಬಿಡಿ. ಹಾಗೇ ಕಳಚಿಟ್ಟರೆ ಬಿಸಿಲಿಗೆ ಎಣ್ಣೆ ಹಿಗ್ಗಿ ಮುಂದಿನ ಸಲ ಕಪ್ಲರ್ ಒಳಗೇ ಹೋಗುವುದಿಲ್ಲ. ಹೊರಗೆ ಉಳಿದ ಕ್ರೋಮ್ ರಾಡಿಗೆ ದಪ್ಪಗೆ ಗ್ರೀಸ್ ಬಳಿಯಿರಿ.

ಹಳೇ ಬ್ಲೇಡ್ ಅರ್ಧ ಬೆಲೆಗೆ ಸಿಕ್ಕಿದರೆ ಧೈರ್ಯವಾಗಿ ತಗೊಳ್ಳಿ. ಪಿನ್ನಿನ ತೂತು ಅಂಡಾಕಾರಕ್ಕೆ ಸವೆದಿದೆಯಾ, ಸಿಲಿಂಡರ್ ರಾಡಿನ ಮೇಲೆ ಗೀರು ಇದೆಯಾ, ಇವೆರಡು ನೋಡಿ ಸಾಕು. ಉಳಿದ ದುಡ್ಡಿಗೆ ಕ್ರಾಸ್‌ಓವರ್ ವಾಲ್ವ್ ಬರುತ್ತದೆ.